ಮನೆಯ ಸಣ್ಣ ವರ್ಕ್‌ಶಾಪಿಗೆ ಪ್ರೊಪೇನ್ ಹೀಟರ್: ಸಿಲಿಂಡರಿನಿಂದ ಉರಿಯವರೆಗೆ

ಡಿಸೆಂಬರ್ ಕಾಲಿಟ್ಟರೆ ಮಿನೆಸೋಟ, ಮಿಷಿಗನ್, ಒಂಟಾರಿಯೊ ಕಡೆಯ ಗರಾಜುಗಳಲ್ಲಿ ಮರಗೆಲಸ ನಿಂತೇ ಹೋಗುತ್ತದೆ. ಬಿಳಿ ಮರದಂಟು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ವಾರ್ನಿಷ್ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಕಬ್ಬಿಣದ ಉಪಕರಣ ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ನೈಸರ್ಗಿಕ ಅನಿಲದ ಪೈಪು ಬಾರದ ಮನೆಗಳಲ್ಲಿ ಇದಕ್ಕೆ ಸಿಗುವ ಪರಿಹಾರ ಪ್ರೊಪೇನ್ ಹೀಟರ್. ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು 12 ಅಡಿ ಅಗಲ, 16 ಅಡಿ ಉದ್ದ, 8 ಅಡಿ ಎತ್ತರದ ಮರಗೆಲಸದ ಕೋಣೆ. ನಿಮ್ಮದು ಇದಕ್ಕಿಂತ ದೊಡ್ಡದಿದ್ದರೂ ಕ್ರಮ ಇದೇ, ಅಂಕಿ ಮಾತ್ರ ಬೇರೆ.

ಕರ್ನಾಟಕದಿಂದ ಬಂದು ನೆಲೆಸಿದವರು ಮೊದಲು ಬಿಡಬೇಕಾದ ಅಭ್ಯಾಸ ಒಂದಿದೆ. ಊರಲ್ಲಿ 14.2 ಕಿಲೊ ಸಿಲಿಂಡರ್ ಅಡುಗೆಕಟ್ಟೆಯ ಕೆಳಗೇ ಇರುತ್ತದೆ, ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. ಇಲ್ಲಿ ಬಾರ್ಬೆಕ್ಯೂಗೆ ಬಳಸುವ 20 ಪೌಂಡಿನ ಸಿಲಿಂಡರನ್ನು ಕೂಡ ಮನೆಯೊಳಗಾಗಲಿ, ಮನೆಗೆ ಅಂಟಿದ ಗರಾಜಿನೊಳಗಾಗಲಿ ಇಡುವಂತಿಲ್ಲ. ನಿಯಮಕ್ಕೆ ಕಾರಣವಿದೆ. ಚಳಿಯಲ್ಲಿ ತುಂಬಿಸಿದ ಸಿಲಿಂಡರನ್ನು ಬೆಚ್ಚಗಿನ ಕೋಣೆಗೆ ತಂದರೆ ಒಳಗಿನ ದ್ರವ ಹಿಗ್ಗುತ್ತದೆ. ತುಂಬಿಸುವಾಗ ಅಳತೆ ಮೀರಿದ್ದರೆ ಸುರಕ್ಷಾ ವಾಲ್ವ್ ತೆರೆದುಕೊಂಡು ಗ್ಯಾಸ್ ಹೊರಬರುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ಅದು ಮೇಲೇರಿ ಚದುರದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿರುವ ವರ್ಕ್‌ಶಾಪಿನಲ್ಲಿ ಅಷ್ಟು ಸೇರಲು ಹೆಚ್ಚು ಹೊತ್ತು ಬೇಕಿಲ್ಲ.

ಈ ಇಡೀ ಕೆಲಸ ಮೂರು ಮಾತಿನ ಮೇಲೆ ನಿಂತಿದೆ: ಸಿಲಿಂಡರ್ ಹೊರಗೆ, ಉರಿದ ಹೊಗೆ ಹೊರಕ್ಕೆ, ಉರಿಗೆ ಬೇಕಾದ ಗಾಳಿಯೂ ಹೊರಗಿನಿಂದಲೇ. ಈ ಮೂರರಲ್ಲಿ ಒಂದನ್ನು ಬಿಟ್ಟುಕೊಡುವ ಹೀಟರನ್ನು ನಾವು ಮರಗೆಲಸದ ಕೋಣೆಗೆ ಶಿಫಾರಸು ಮಾಡುವುದಿಲ್ಲ.

ಅನುಮತಿಯ ವಿಷಯ

ಪೈಪು ಕತ್ತರಿಸುವ ಮೊದಲು ನಗರಸಭೆ ಅಥವಾ ಕೌಂಟಿಯ ಕಟ್ಟಡ ವಿಭಾಗಕ್ಕೆ ಫೋನ್ ಮಾಡಿ. ಅಮೆರಿಕದ ಹಲವು ಕಡೆ ಪರ್ಮಿಟ್ ತೆಗೆದುಕೊಂಡು ಮನೆಯ ಮಾಲೀಕರೇ ಗ್ಯಾಸ್ ಪೈಪು ಹಾಕಬಹುದು, ಆಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಹಾಗಿಲ್ಲ, ಲೈಸೆನ್ಸ್ ಇರುವವರೇ ಮಾಡಬೇಕು. ಒಂಟಾರಿಯೊದಲ್ಲಿ ಸರ್ಟಿಫಿಕೇಟ್ ಇರುವ ಗ್ಯಾಸ್ ಫಿಟ್ಟರ್‌ ಬೇಕು. ಅಂಥ ಕಡೆಯೂ ಈ ಬರಹ ನಿಮಗೆ ಉಪಯೋಗಕ್ಕೆ ಬರುತ್ತದೆ: ಜಾಗ ಗುರುತಿಸುವುದು, ಶಾಖದ ಲೆಕ್ಕ ಹಾಕುವುದು, ಗೋಡೆ ಸಿದ್ಧ ಮಾಡುವುದು ನಿಮ್ಮ ಕೈಯಲ್ಲಿದೆ. ಜೊತೆಗೆ ಫಿಟ್ಟರ್ ಮಾಡಿದ್ದು ಸರಿಯೇ ಎಂದು ನೋಡುವ ಕಣ್ಣೂ ಬರುತ್ತದೆ. ಇಲ್ಲಿ ಹೇಳಿದ್ದಕ್ಕೂ ಹೀಟರಿನ ಕೈಪಿಡಿಗೂ ವ್ಯತ್ಯಾಸ ಕಂಡರೆ ಕೈಪಿಡಿಯನ್ನೇ ಅನುಸರಿಸಿ.

ಎಷ್ಟು ದೊಡ್ಡ ಹೀಟರ್ ಬೇಕು

ಅಂಗಡಿಯವರು ಚದರಡಿ ಕೇಳಿ ಹೀಟರ್ ತೋರಿಸುತ್ತಾರೆ. ಆ ಲೆಕ್ಕ ಅರ್ಧ ಸತ್ಯ. ಗೋಡೆಯೊಳಗೆ ಏನಿದೆ ಎನ್ನುವುದು ಚದರಡಿಗಿಂತ ಮುಖ್ಯ.

ನಮ್ಮ 12×16 ಕೋಣೆಯನ್ನೇ ತೆಗೆದುಕೊಳ್ಳಿ. ಹೊರಗೆ 0 ಫ್ಯಾರನ್‌ಹೀಟ್ (ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ), ಒಳಗೆ 60 ಫ್ಯಾರನ್‌ಹೀಟ್ (ಸುಮಾರು 15 ಸೆಲ್ಸಿಯಸ್) ಬೇಕು ಅಂದುಕೊಳ್ಳಿ. ಗೋಡೆಗೆ ಆರ್-13, ಮೇಲ್ಛಾವಣಿಗೆ ಆರ್-30 ಇನ್ಸುಲೇಶನ್ (ಆರ್ ಅಂಕಿ ಹೆಚ್ಚಿದಷ್ಟೂ ಶಾಖ ತಡೆಯುವ ಶಕ್ತಿ ಹೆಚ್ಚು) ಇದ್ದು, ಬಾಗಿಲ ಸಂದುಗಳಿಗೆ ಪಟ್ಟಿ ಹೊಡೆದಿದ್ದರೆ ಗಂಟೆಗೆ ಸುಮಾರು 7,500 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖ ಸೋರಿಹೋಗುತ್ತದೆ. ಅದೇ ಕೋಣೆ ಬರೀ ಹಲಗೆ ಮತ್ತು ತಗಡಿನದಾಗಿದ್ದು ಗಾಳಿ ಆಡುತ್ತಿದ್ದರೆ ಗಂಟೆಗೆ ಸುಮಾರು 20,000 ಬಿಟಿಯು ಹೋಗುತ್ತದೆ. ಸೋರುವಷ್ಟೇ ಶಾಖ ಕೊಡುವ ಹೀಟರ್ ತಂದರೆ ತಣ್ಣಗಾದ ಕೋಣೆ ಬೆಚ್ಚಗಾಗಲು ದಿನವಿಡೀ ಬೇಕು. ಸೋರಿಕೆಯ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಸಾಮರ್ಥ್ಯ ಇರಲಿ. ಇನ್ಸುಲೇಶನ್ ಇರುವ ಕೋಣೆಗೆ 15,000 ಬಿಟಿಯು ಸಾಕು, 20,000 ಧಾರಾಳ. ಇಲ್ಲದ ಕೋಣೆಗೆ 30,000 ಬೇಕು, ಇಂಧನದ ಖರ್ಚೂ ಸುಮಾರು ಮೂರು ಪಟ್ಟು. ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಗೋಡೆ ತುಂಬಿಸಿ, ಹೀಟರ್ ಆಮೇಲೆ ಕೊಳ್ಳಿ.

ಇನ್ನೊಂದು ಮಾತು. 5 ಕಿಲೊವ್ಯಾಟ್ ವಿದ್ಯುತ್ ಹೀಟರ್ ಗಂಟೆಗೆ 17,000 ಬಿಟಿಯು ಕೊಡುತ್ತದೆ. ವರ್ಕ್‌ಶಾಪಿಗೆ ಆಗಲೇ 240 ವೋಲ್ಟಿನ ಲೈನ್ ಇದ್ದು, ವಾರಕ್ಕೊಮ್ಮೆ ಮಾತ್ರ ಕೆಲಸ ಮಾಡುವವರಾದರೆ ಈ ಗ್ಯಾಸಿನ ಗೋಜೇ ಬೇಡ. ವಾರದಲ್ಲಿ ನಾಲ್ಕೈದು ದಿನ ಬಳಸುವವರಿಗೆ, ಪದೇ ಪದೇ ಕರೆಂಟ್ ಹೋಗುವ ಕಡೆ ಇರುವವರಿಗೆ ಪ್ರೊಪೇನ್ ಒಳ್ಳೆಯದು.

ಯಾವ ಬಗೆಯ ಹೀಟರ್

ಸಿಲಿಂಡರಿನ ತಲೆಗೇ ಕೂರಿಸುವ ಕೆಂಪಗೆ ಕಾಯುವ ಬುಟ್ಟಿಯಂಥ ಹೀಟರುಗಳು ಕಟ್ಟಡ ಕಟ್ಟುವ ಬಯಲಿನ ಸಾಮಾನು. ಮುಚ್ಚಿದ ಕೋಣೆಗೆ ತರಬೇಡಿ.

ಹೊಗೆಕೊಳವೆ ಇಲ್ಲದೆ ಗೋಡೆಗೆ ನೇತುಹಾಕುವ ಹೀಟರುಗಳು ಅಗ್ಗ, ಹಾಕುವುದೂ ಸುಲಭ. ಕೋಣೆಯ ಆಮ್ಲಜನಕ ಶೇಕಡಾ 18ರ ಹತ್ತಿರಕ್ಕೆ ಇಳಿದರೆ ತಾನಾಗಿ ಆರುವ ಸೆನ್ಸರ್ ಅವುಗಳಲ್ಲಿ ಇರುತ್ತದೆ. ಆದರೆ ಕೆನಡಾದಲ್ಲಿ ಮನೆಯೊಳಗೆ ಇವಕ್ಕೆ ಒಪ್ಪಿಗೆಯಿಲ್ಲ, ಕ್ಯಾಲಿಫೋರ್ನಿಯಾದ ವಾಸದ ಮನೆಗಳಲ್ಲೂ ಇಲ್ಲ. ನಿಯಮ ಬಿಡುವ ಕಡೆಯೂ ಮರಗೆಲಸಕ್ಕೆ ಇದು ಒಗ್ಗುವುದಿಲ್ಲ. ಒಂದು ಪೌಂಡ್ ಪ್ರೊಪೇನ್ ಉರಿದರೆ 1.6 ಪೌಂಡ್ ನೀರಾವಿ ಹುಟ್ಟುತ್ತದೆ. ಅಂದರೆ 20 ಪೌಂಡಿನ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಹತ್ತಿರ ಹತ್ತಿರ 15 ಲೀಟರ್ ನೀರು ಕೋಣೆಯೊಳಗೇ ಸೇರಿರುತ್ತದೆ. ಅದು ಹೋಗಿ ಕೂರುವುದು ತಣ್ಣಗಿರುವ ಲೋಹದ ಮೇಲೆ, ಟೇಬಲ್ ಸಾದ ಎರಕದ ಮೇಲ್ಮೈಯಲ್ಲಿ, ಕೀಸುಳಿಯ ತಳದಲ್ಲಿ, ಉಳಿಗಳ ಅಲಗಿನಲ್ಲಿ. ಬೆಳಿಗ್ಗೆ ಬಂದು ನೋಡಿದರೆ ತುಕ್ಕಿನ ಕಿತ್ತಳೆ ಪುಡಿ ಎದ್ದಿರುತ್ತದೆ. ಜೊತೆಗೆ ಉರಿ ಬಯಲಾಗಿರುವುದರಿಂದ ಮರದ ಪುಡಿ ನೇರವಾಗಿ ಬರ್ನರಿಗೆ ಹೋಗುತ್ತದೆ.

ಸರಿಯಾದ ಆಯ್ಕೆ ಡೈರೆಕ್ಟ್ ವೆಂಟ್ ಗೋಡೆ ಹೀಟರ್. ಇದರಲ್ಲಿ ಉರಿಯ ಪೆಟ್ಟಿಗೆ ಪೂರ್ತಿ ಮುಚ್ಚಿರುತ್ತದೆ. ಗೋಡೆಯ ಆಚೆಗೆ ಹೋಗುವ ಒಂದರೊಳಗೊಂದು ಕೊಳವೆಗಳಲ್ಲಿ ಹೊರಗಿನದು ಗಾಳಿ ಎಳೆದುಕೊಳ್ಳುತ್ತದೆ, ಒಳಗಿನದು ಹೊಗೆಯನ್ನು ಹೊರಹಾಕುತ್ತದೆ. ಕೋಣೆಯ ಗಾಳಿಗೂ ಉರಿಗೂ ಸಂಪರ್ಕವೇ ಇಲ್ಲ. ಪೈಲಟ್ ಉರಿಯ (ದೊಡ್ಡ ಉರಿ ಹೊತ್ತಿಸಲು ಸದಾ ಉರಿಯುವ ಕಿರು ಉರಿ) ಶಾಖದಿಂದಲೇ ಥರ್ಮೋಸ್ಟಾಟಿಗೆ ಬೇಕಾದ ಅಲ್ಪ ವಿದ್ಯುತ್ ಹುಟ್ಟಿಸಿಕೊಳ್ಳುವ ಮಾದರಿಗಳಿಗೆ ಕರೆಂಟೂ ಬೇಡ. ಕೊಳ್ಳುವಾಗ ತಗಡಿನ ಪಟ್ಟಿಯ ಮೇಲೆ ಎಲ್‌ಪಿ (ಪ್ರೊಪೇನಿಗೆ ಆಗುತ್ತದೆ ಎಂಬ ಗುರುತು) ಎಂದು ಇದೆಯೇ ನೋಡಿ. ನೈಸರ್ಗಿಕ ಅನಿಲದ ಹೀಟರಿನ ಬರ್ನರ್ ರಂಧ್ರಗಳು ದೊಡ್ಡವು, ಅದರ ಒಳ ಒತ್ತಡ 3.5 ಇಂಚು (ಒತ್ತಡ ನೀರಿನ ಕಂಬವನ್ನು ಎಷ್ಟು ಇಂಚು ಎತ್ತುತ್ತದೆ ಎಂಬ ಅಳತೆ). ಪ್ರೊಪೇನಿನದು 10 ಇಂಚು. ತಯಾರಕರ ಕನ್ವರ್ಷನ್ ಕಿಟ್ ಹಾಕದೆ ಒಂದನ್ನು ಇನ್ನೊಂದಕ್ಕೆ ಜೋಡಿಸಿದರೆ ಉರಿ ಅಳತೆ ಮೀರಿ ಎದ್ದು ಮಸಿಯನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಕಾರುತ್ತದೆ.

ಮೊದಲು ಗೋಡೆಯ ನಕ್ಷೆ ಬರೆಯಿರಿ

ಹೀಟರ್, ಸಿಲಿಂಡರ್, ರೆಗ್ಯುಲೇಟರ್ ಮೂರೂ ಒಂದೇ ಗೋಡೆಯ ಆಸುಪಾಸು ಬರುವುದರಿಂದ ಅಂತರಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಹಾಳೆಯ ಮೇಲೆ ಮೊದಲೇ ಗುರುತು ಮಾಡಿಕೊಳ್ಳಿ.

ಅಮೆರಿಕದ ನಿಯಮದ ಪ್ರಕಾರ, ತುಂಬಿಸಲು ಅಂಗಡಿಗೆ ಒಯ್ಯುವ ಸಿಲಿಂಡರ್ ಹೀಟರಿನ ಹೊಗೆಬಾಯಿಯಿಂದ, ಕಿಡಿ ಹುಟ್ಟುವ ಯಾವುದೇ ಸಾಧನದಿಂದ 5 ಅಡಿ ದೂರ ಇರಬೇಕು. ಸಿಲಿಂಡರಿನ ವಾಲ್ವಿಗಿಂತ ಕೆಳಗಿರುವ ಕಿಟಕಿ, ಬಾಗಿಲು, ಗಾಳಿಕಿಂಡಿಗಳಿಂದ 3 ಅಡಿ ದೂರ ಬೇಕು. ಲಾರಿ ಬಂದು ಸ್ಥಳದಲ್ಲೇ ತುಂಬಿಸುವ ಸಿಲಿಂಡರಾದರೆ 5 ಅಡಿಯ ಬದಲು 10 ಅಡಿ. ರೆಗ್ಯುಲೇಟರಿನ ಉಸಿರುಕಿಂಡಿಗೂ 3 ಅಡಿ ಮತ್ತು 5 ಅಡಿಯ ಲೆಕ್ಕವೇ ಅನ್ವಯಿಸುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಹೊಗೆಬಾಯಿ 10,000ದಿಂದ 50,000 ಬಿಟಿಯು ಹೀಟರಿನದಾದರೆ ತೆರೆಯುವ ಕಿಟಕಿಯಿಂದ ಕನಿಷ್ಠ 9 ಇಂಚು ದೂರ, ನೆಲದಿಂದ ಕನಿಷ್ಠ 12 ಇಂಚು ಮೇಲೆ. ನಿಮ್ಮಲ್ಲಿ ಮೂರು ಅಡಿ ಹಿಮ ಬೀಳುತ್ತದೆಯಾದರೆ ಆ 12 ಇಂಚನ್ನು ಹಿಮದ ಮಟ್ಟದಿಂದ ಅಳೆಯಿರಿ.

ಒಳಗೆ, ಗರಾಜಾದರೆ ಉರಿಯೂ ಕಿಡಿ ಹುಟ್ಟುವ ಭಾಗವೂ ನೆಲದಿಂದ 18 ಇಂಚು ಮೇಲಿರಬೇಕು, ಪೆಟ್ರೋಲಿನ ಆವಿ ನೆಲದಲ್ಲೇ ತೆವಳುತ್ತದೆ ಎಂಬ ಕಾರಣಕ್ಕೆ. ಕಾರು ಬರುವ ದಾರಿಯಾದರೆ ಮುಂದೆ ಕಬ್ಬಿಣದ ಕಂಬ ನೆಡಿ. ಹಲಗೆ ಒಟ್ಟುವ ಮೂಲೆ, ಡಸ್ಟ್ ಕಲೆಕ್ಟರ್, ಬಣ್ಣದ ಕಪಾಟು ಇವುಗಳ ಪಕ್ಕ ಬೇಡ.

ನಮ್ಮ 16 ಅಡಿಯ ಗೋಡೆಯಲ್ಲಿ ಎಡ ಮೂಲೆಯಿಂದ 3 ಅಡಿಗೆ ಹೊಗೆಬಾಯಿ, 10 ಅಡಿಗೆ ರೆಗ್ಯುಲೇಟರ್, 12 ಅಡಿಗೆ ಅಂಗಡಿಗೆ ಒಯ್ದು ತುಂಬಿಸುವ ಸಿಲಿಂಡರ್ ಇಟ್ಟರೆ ಎಲ್ಲ ಅಂತರಗಳೂ ಕೂಡಿಬರುತ್ತವೆ, ಆ ಗೋಡೆಯ ಬಲಭಾಗದಲ್ಲಿ ಕಿಟಕಿ ಇಲ್ಲದಿದ್ದರೆ. ಸಿಲಿಂಡರಿಗೆ ಕಾಂಕ್ರೀಟ್ ಚಪ್ಪಡಿ ಹಾಕಿ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಸರಪಳಿ ಕಟ್ಟಿ. ಮಲಗಿಸಿದರೆ ರೆಗ್ಯುಲೇಟರಿಗೆ ಆವಿಯ ಬದಲು ದ್ರವ ನುಗ್ಗುತ್ತದೆ. ಸೂರಿನ ಹಿಮ ಜಾರಿ ಬೀಳುವ ಜಾಗ ತಪ್ಪಿಸಿ.

ಸಿಲಿಂಡರಿನ ಗಾತ್ರ

ಇಲ್ಲೇ ಬಹಳ ಮಂದಿ ಎಡವುವುದು. 20 ಪೌಂಡಿನ ಸಿಲಿಂಡರಿನಲ್ಲಿ ಒಟ್ಟು 4,30,000 ಬಿಟಿಯು ಶಾಖ ಇದೆ, 20,000 ಬಿಟಿಯು ಹೀಟರ್ ಪೂರ್ತಿ ಉರಿದರೆ 21 ಗಂಟೆ ಬರಬೇಕು ಎಂದು ಲೆಕ್ಕ ಹಾಕುತ್ತಾರೆ. ಆದರೆ ಸಿಲಿಂಡರಿನಲ್ಲಿರುವುದು ದ್ರವ. ಅದು ಆವಿಯಾಗಲು ಶಾಖ ಬೇಕು, ಆ ಶಾಖ ಬರುವುದು ಸುತ್ತಲಿನ ಗಾಳಿಯಿಂದ, ಸಿಲಿಂಡರಿನ ಗೋಡೆಯ ಮೂಲಕ. ಹೊರಗೆ 0 ಫ್ಯಾರನ್‌ಹೀಟ್ ಇದ್ದು ಸಿಲಿಂಡರ್ ಅರ್ಧ ಇದ್ದಾಗ ಗಂಟೆಗೆ ಸುಮಾರು 13,000 ಬಿಟಿಯು ಮಾತ್ರ ನಿರಂತರ ಸಿಗುತ್ತದೆ. 20 ಫ್ಯಾರನ್‌ಹೀಟ್‌ಗೆ ಏರಿದರೆ ಅದರ ಎರಡರಷ್ಟು. ದ್ರವದ ಮಟ್ಟ ಇಳಿದಂತೆ ಒದ್ದೆ ಗೋಡೆಯ ವಿಸ್ತಾರವೂ ಇಳಿಯುತ್ತದೆ, ಆವಿಯೂ ಇಳಿಯುತ್ತದೆ. ಸಿಲಿಂಡರಿನ ಕೆಳಭಾಗಕ್ಕೆ ಹಿಮದ ಬಿಳಿ ಪಟ್ಟಿ ಕಟ್ಟಿದೆಯೆಂದರೆ ನೀವು ಅದರ ಶಕ್ತಿ ಮೀರಿ ಎಳೆಯುತ್ತಿದ್ದೀರಿ ಎಂದರ್ಥ.

ಇದಕ್ಕೆ ಪರಿಹಾರ ದೊಡ್ಡ ಸಿಲಿಂಡರ್. 100 ಪೌಂಡಿನದು ಅದೇ ಚಳಿಯಲ್ಲಿ ಅರ್ಧ ಇದ್ದಾಗಲೂ 50,000 ಬಿಟಿಯು ಮೀರಿ ಕೊಡುತ್ತದೆ. ಇಲ್ಲವೇ 20 ಪೌಂಡಿನ ಎರಡನ್ನು ತಾನಾಗಿ ಬದಲಾಗುವ ರೆಗ್ಯುಲೇಟರಿಗೆ ಜೋಡಿಸಿ. ಸಿಲಿಂಡರಿಗೆ ಕಂಬಳಿ ಸುತ್ತುವುದರಿಂದ ಕೆಡುಕೇ ಹೆಚ್ಚು, ಬರುವ ಶಾಖವನ್ನೂ ಅದು ತಡೆಯುತ್ತದೆ. ಬೆಂಕಿ ಹಿಡಿದು ಬಿಸಿ ಮಾಡುವುದಂತೂ ಕೂಡದು.

ಊರಿನ ಎಲ್‌ಪಿಜಿಗೂ ಇದಕ್ಕೂ ಇರುವ ಭೇದ ಇಲ್ಲೇ ಕಾಣುತ್ತದೆ. ನಮ್ಮ ಅಡುಗೆ ಗ್ಯಾಸಿನಲ್ಲಿ ಬ್ಯೂಟೇನ್ ಪಾಲು ದೊಡ್ಡದು, ಅದು ಸೊನ್ನೆ ಸೆಲ್ಸಿಯಸ್ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಹಾಗಾಗಿಯೇ ಈ ಚಳಿನಾಡಿಗೆ ಪ್ರೊಪೇನ್.

ಕೊಳ್ಳಬೇಕಾದ ಸಾಮಾನು

ಎರಡು ಹಂತದ ರೆಗ್ಯುಲೇಟರ್, 11 ಇಂಚು ನೀರಿನ ಒತ್ತಡಕ್ಕೆ ಹೊಂದಿಸಿದ್ದು. ಸಿಲಿಂಡರಿನೊಳಗಿನ ಒತ್ತಡ 0 ಫ್ಯಾರನ್‌ಹೀಟ್‌ನಲ್ಲಿ ಸುಮಾರು 24 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 70ರಲ್ಲಿ 110 ಪಿಎಸ್‌ಐ. ಇಷ್ಟು ಏರಿಳಿತವನ್ನು ಒಂದೇ ಹಂತದ ರೆಗ್ಯುಲೇಟರ್ ಸರಿಯಾಗಿ ನಿಭಾಯಿಸುವುದಿಲ್ಲ. ಎಣ್ಣೆಯಲ್ಲಿ ಕರಿಯುವ ದೊಡ್ಡ ಒಲೆಗಳ ಜೊತೆ ಬರುವ ಕೆಂಪು ಗುಬುಟಿನ 0–30 ಪಿಎಸ್‌ಐ ರೆಗ್ಯುಲೇಟರನ್ನು ಹೀಟರಿಗೆ ಹಾಕಿದರೆ ಒಳಗಿನ ವಾಲ್ವ್ ಹಾಳಾಗುತ್ತದೆ, ಅದು ತಡೆಯುವುದು ಅರ್ಧ ಪಿಎಸ್‌ಐ, ಅಂದರೆ 14 ಇಂಚು ಮಾತ್ರ.

ಸಿಲಿಂಡರಿನಿಂದ ರೆಗ್ಯುಲೇಟರಿಗೆ ಹೋಗುವ ಚಿಕ್ಕ ಕೊಳವೆ, ಅಂದರೆ ಪಿಗ್‌ಟೇಲ್. 20 ಪೌಂಡಿನದಕ್ಕೆ ಕೈಯಲ್ಲೇ ಬಿಗಿಯುವ ಪ್ಲಾಸ್ಟಿಕ್ ನಟ್ಟಿನದು, 100 ಪೌಂಡಿನದಕ್ಕೆ ಎಡಮರೆಯ (ಮರೆ ಅಂದರೆ ಸ್ಕ್ರೂ ಸುತ್ತು) ಹಿತ್ತಾಳೆ ನಟ್ಟಿನ, ಪಿಒಎಲ್ ಎಂಬ ಬಗೆಯದು. ಎಡಮರೆಯೆಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯುತ್ತದೆ.

ಪೈಪಿಗೆ ಅರ್ಧ ಇಂಚಿನ ಕಪ್ಪು ಕಬ್ಬಿಣ ಅಥವಾ ಅರ್ಧ ಇಂಚು ಹೊರವ್ಯಾಸದ ಗ್ಯಾಸ್ ದರ್ಜೆಯ ತಾಮ್ರದ ಟ್ಯೂಬ್. 20 ಅಡಿ ದೂರಕ್ಕೆ ಆ ತಾಮ್ರ 60,000 ಬಿಟಿಯು, ಕಪ್ಪು ಕಬ್ಬಿಣ ಸುಮಾರು 2,00,000 ಬಿಟಿಯು ಸಾಗಿಸುತ್ತದೆ. ನಮ್ಮ 20,000ಕ್ಕೆ ಎರಡೂ ಸಾಕು.

ಉಳಿದದ್ದು: ಗ್ಯಾಸಿಗೆ ಒಪ್ಪಿಗೆ ಪಡೆದ ಬಾಲ್ ವಾಲ್ವ್ ಒಂದು, ಟೀ (ಮೂರು ಬಾಯಿಯ ಜೋಡಣೆ) ಒಂದು, 3 ಇಂಚಿನ ನಿಪ್ಪಲ್ (ಎರಡು ತುದಿಗೂ ಮರೆ ಇರುವ ಪೈಪು ತುಂಡು) ಮತ್ತು ಕ್ಯಾಪ್, ಯೂನಿಯನ್ (ಬಿಚ್ಚಿ ಮತ್ತೆ ಸೇರಿಸಬಹುದಾದ ಜೋಡಣೆ), ಹಳದಿ ಹೊದಿಕೆಯ ಬಾಗುವ ಸ್ಟೀಲ್ ಕನೆಕ್ಟರ್, ಗೋಡೆಗೆ ತೂರಿಸಲು ತೋಳು, ಪ್ರೊಪೇನಿಗೆ ಆಗುವ ಮರೆ ಪೇಸ್ಟ್, 15 ಪಿಎಸ್‌ಐ ಗೇಜ್, ನೀರು ತುಂಬಿದ ಯು-ಟ್ಯೂಬ್ ಮಾನೊಮೀಟರ್ (ನೀರಿನ ಏರಿಕೆಯಿಂದ ಸಣ್ಣ ಒತ್ತಡ ಅಳೆಯುವ ಕೊಳವೆ), ಸೋರಿಕೆ ನೋಡುವ ನೊರೆದ್ರಾವಣ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತು ಪ್ರೊಪೇನ್ ಅಲಾರಂ ಎರಡೂ ಬೇಕು. ಮೊದಲನೆಯದು ಉಸಿರಾಡುವ ಎತ್ತರಕ್ಕೆ, ಎರಡನೆಯದು ನೆಲದಿಂದ ಒಂದಡಿಯೊಳಗೆ. ಹೆಚ್ಚಿನ ಮೊನಾಕ್ಸೈಡ್ ಅಲಾರಂಗಳು 40 ಫ್ಯಾರನ್‌ಹೀಟ್‌ಗಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. ರಾತ್ರಿ ತಣ್ಣಗಾಗುವ ಕೋಣೆಯಾದರೆ ಚಳಿ ತಡೆಯುವ ಮಾದರಿಯನ್ನೇ ಕೇಳಿ ಕೊಳ್ಳಿ.

ಹೀಟರನ್ನು ಗೋಡೆಗೆ ಕೂರಿಸುವುದು

ಸ್ಟಡ್‌ಗಳನ್ನು (ಗೋಡೆಯೊಳಗಿನ ನೆಟ್ಟ ಮರದ ತೊಲೆಗಳು) ಗುರುತಿಸಿ, ಹೊಗೆಕೊಳವೆ ಎರಡು ಸ್ಟಡ್‌ಗಳ ನಡುವೆ ಬರುವಂತೆ ಜಾಗ ಹಿಡಿಯಿರಿ. ಹೀಟರಿನ ಜೊತೆ ಬರುವ ಕಾಗದದ ಅಚ್ಚನ್ನು ಗೋಡೆಗೆ ಅಂಟಿಸಿ. ಮಧ್ಯಬಿಂದುವಿಗೆ ಸಣ್ಣ ಬೈರಿಗೆಯಿಂದ ಹೊರಗಿನ ತನಕ ತೂತು ಕೊರೆದು, ಒಳಗಿನಿಂದಲೂ ಹೊರಗಿನಿಂದಲೂ ದೊಡ್ಡ ತೂತು ಕತ್ತರಿಸಿ. ಒಂದೇ ಕಡೆಯಿಂದ ಕತ್ತರಿಸಿದರೆ ಹೊರಗಿನ ಹಲಗೆ ಸೀಳುತ್ತದೆ. ಕೊಳವೆ ಹೊರಕ್ಕೆ ತುಸು ಇಳಿಜಾರಾಗಿರಲಿ, ಮಳೆನೀರು ಒಳಗೆ ಬರಬಾರದು. ಗೋಡೆಯ ದಪ್ಪಕ್ಕೆ ತಕ್ಕಂತೆ ಒಳಕೊಳವೆ, ಹೊರಕೊಳವೆ ಎರಡನ್ನೂ ಕೈಪಿಡಿ ಹೇಳಿದ ಉದ್ದಕ್ಕೆ ಕತ್ತರಿಸಿ. ಒಳಕೊಳವೆ ಅರ್ಧ ಇಂಚು ಗಿಡ್ಡವಾದರೂ ಹೊಗೆ ಮತ್ತೆ ಗಾಳಿಕೊಳವೆಗೆ ತಿರುಗಿ ಬಂದು ಪೈಲಟ್ ಆರುತ್ತದೆ. ಹೊರಗಿನ ಟೋಪಿಯ ಸುತ್ತ ಹೊರಾಂಗಣದ ಸೀಲೆಂಟ್ ಹಚ್ಚಿ.

ಪೈಪ್ ಜೋಡಣೆ

ಹೊರಗಿನಿಂದ ಒಳಕ್ಕೆ ಕ್ರಮ ಹೀಗೆ: ಸಿಲಿಂಡರ್, ಪಿಗ್‌ಟೇಲ್, ಗೋಡೆಗೆ ಬಿಗಿದ ರೆಗ್ಯುಲೇಟರ್, ತೋಳಿನ ಮೂಲಕ ಗೋಡೆ ದಾಟುವ ಪೈಪು, ಬಾಲ್ ವಾಲ್ವ್, ಯೂನಿಯನ್, ಟೀ ಮತ್ತು ಅದರ ಕೆಳಗೆ ಕಸದ ಬಲೆ, ಬಾಗುವ ಕನೆಕ್ಟರ್, ಹೀಟರ್.

ರೆಗ್ಯುಲೇಟರಿನ ಉಸಿರುಕಿಂಡಿ ನೆಲದ ಕಡೆ ಮುಖ ಮಾಡಿರಲಿ. ಮೇಲ್ಮುಖವಾಗಿದ್ದರೆ ನೀರು ಇಳಿದು ಹೆಪ್ಪುಗಟ್ಟಿ ಒತ್ತಡ ದಿಕ್ಕೆಡುತ್ತದೆ. ಬಾಲ್ ವಾಲ್ವ್ ಹೀಟರಿನಿಂದ 6 ಅಡಿಯೊಳಗೆ, ಅದೇ ಕೋಣೆಯಲ್ಲಿ, ಕೈಗೆ ಸಿಗುವಂತೆ ಇರಬೇಕು. ಬಾಗುವ ಕನೆಕ್ಟರ್ ಗೋಡೆಯೊಳಗಿಂದ ಹೋಗಕೂಡದು. ಕಸದ ಬಲೆಯೆಂದರೆ ಟೀಯ ಕೆಳಬಾಯಿಗೆ 3 ಇಂಚಿನ ನಿಪ್ಪಲ್ ಹಾಕಿ ಕ್ಯಾಪ್ ಮುಚ್ಚಿದ್ದು. ಗ್ಯಾಸ್ ಮೇಲಿನಿಂದ ಬಂದು ಪಕ್ಕಕ್ಕೆ ತಿರುಗಬೇಕು, ಆಗ ಪೈಪಿನ ಪುಡಿಯೂ ಹನಿಯೂ ನೇರ ಕೆಳಗೆ ಬೀಳುತ್ತವೆ. ಗ್ಯಾಸ್ ಪಕ್ಕದಿಂದ ಬರುವಂತೆ ಟೀ ತಿರುಗಿಸಿ ಹಾಕಿದರೆ ಬಲೆ ಇದ್ದೂ ಇಲ್ಲದಂತೆ.

ಚೂಪಾಗುತ್ತ ಹೋಗುವ ಪೈಪ್ ಮರೆಗಳಿಗೆ ಪೇಸ್ಟ್ ಹಚ್ಚಿ, ತುದಿಯ ಎರಡು ಸುತ್ತು ಬಿಟ್ಟು. ಇಲ್ಲವಾದರೆ ಪೇಸ್ಟ್ ಒಳಗೆ ಹಿಂಡಿಕೊಂಡು ಹೀಟರಿನ ವಾಲ್ವಿಗೆ ಹೋಗುತ್ತದೆ. ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪ್ ಗ್ಯಾಸಿಗೆ ಬೇಡ.

ತಾಮ್ರದ ತುದಿ ಅರಳಿಸುವ ಕೆಲಸಕ್ಕೆ ಸಮಯ ಕೊಡಿ, ಸೋರುವುದು ಹೆಚ್ಚಾಗಿ ಇಲ್ಲೇ. ಟ್ಯೂಬ್ ಕಟರಿನ ಗುಬುಟನ್ನು ಒಂದೊಂದು ಸುತ್ತಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಕತ್ತರಿಸಿ, ಅವಸರದಲ್ಲಿ ಬಿಗಿದರೆ ಟ್ಯೂಬ್ ಚಪ್ಪಟೆಯಾಗುತ್ತದೆ. ಒಳಬಾಯಿಯಲ್ಲಿ ಎದ್ದ ಚೂಪು ಅಂಚು ಕೆರೆದು ತೆಗೆಯಿರಿ, ಟ್ಯೂಬನ್ನು ಕೆಳಮುಖ ಹಿಡಿದು, ಪುಡಿ ಹೊರಗೆ ಬೀಳಲಿ. ಈಗ ನಟ್ಟನ್ನು ಟ್ಯೂಬಿಗೆ ತೂರಿಸಿ, ಅರಳಿಸಿದ ಮೇಲೆ ಅದು ಹೋಗುವುದಿಲ್ಲ. 45 ಡಿಗ್ರಿಯ ಅಚ್ಚಿನಲ್ಲಿ ಬಿಗಿದು ಶಂಕುವಿಗೆ ಒಂದು ಹನಿ ಎಣ್ಣೆ ಮುಟ್ಟಿಸಿ ನಿಧಾನ ತಿರುಗಿಸಿ. ಅರಳಿದ ಬಾಯಿ ಸುತ್ತಲೂ ಒಂದೇ ಅಗಲ ಇರಬೇಕು, ಒಳಮೈ ಕನ್ನಡಿಯಂತೆ ನುಣುಪಾಗಿರಬೇಕು. ಕೂದಲೆಳೆಯ ಬಿರುಕು ಕಂಡರೂ ಕತ್ತರಿಸಿ ಮತ್ತೆ ಮಾಡಿ. ಇಲ್ಲಿ ಲೋಹಕ್ಕೆ ಲೋಹವೇ ಬಿಗಿ, ಪೇಸ್ಟ್ ಟೇಪ್ ಏನೂ ಹಾಕಬಾರದು. ಹಾಕಿದರೆ ಎರಡು ಮೈ ಸರಿಯಾಗಿ ಕೂರದೆ ಸೋರುತ್ತದೆ. ಬಿಗಿಯುವಾಗ ಎರಡು ಸ್ಪ್ಯಾನರ್ ಬಳಸಿ, ಒಂದು ಹಿಡಿಯಲು, ಇನ್ನೊಂದು ತಿರುಗಿಸಲು.

ಗ್ಯಾಸ್ ಬಿಡುವ ಮೊದಲು ಗಾಳಿಯಿಂದ ಪರೀಕ್ಷೆ

ರೆಗ್ಯುಲೇಟರನ್ನೂ ಹೀಟರನ್ನೂ ಪೈಪಿನಿಂದ ಬಿಚ್ಚಿ, ಎರಡು ತುದಿ ಮುಚ್ಚಿ, ಗೇಜ್ ಜೋಡಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿಸಿ. ನಿಯಮದ ಕನಿಷ್ಠ ಒತ್ತಡ 3 ಪಿಎಸ್‌ಐ, ಹತ್ತು ನಿಮಿಷ. ಹಲವು ಇನ್‌ಸ್ಪೆಕ್ಟರುಗಳು 10 ಅಥವಾ 15 ಕೇಳುತ್ತಾರೆ, ಮೊದಲೇ ವಿಚಾರಿಸಿ. ಹೀಟರ್ ಬಿಚ್ಚದೆ ಈ ಪರೀಕ್ಷೆ ಮಾಡಿದರೆ ಅರ್ಧ ಪಿಎಸ್‌ಐಗೆ ಮಾಡಿದ ವಾಲ್ವ್ ಹರಿದುಹೋಗುತ್ತದೆ. ಮುಳ್ಳು ಕೂದಲಷ್ಟು ಇಳಿದರೂ ಪ್ರತಿ ಕೂಡುಗೆರೆಗೆ ನೊರೆ ಹಚ್ಚಿ ಹುಡುಕಿ. ಬಿಸಿಲು ಬೀಳುವ ಪೈಪಿನಲ್ಲಿ ಒತ್ತಡ ತಾನಾಗಿ ಏರಿಳಿಯುತ್ತದೆ, ಮೋಡದ ಹೊತ್ತಿನಲ್ಲಿ ಮಾಡುವುದು ಒಳ್ಳೆಯದು.

ಮೊದಲ ಸಲ ಹೊತ್ತಿಸುವ ಕ್ರಮ

1. ಎಲ್ಲ ಜೋಡಿಸಿ, ಹೀಟರಿನ ಗುಬುಟು ಆಫ್‌ನಲ್ಲಿಟ್ಟು, ಒಳಗಿನ ಬಾಲ್ ವಾಲ್ವ್ ಮುಚ್ಚಿ. ಮಾನೊಮೀಟರನ್ನು ಹೀಟರಿನ ಒಳಬರುವ ಒತ್ತಡದ ಪರೀಕ್ಷಾ ಕಿಂಡಿಗೆ ಸಿಕ್ಕಿಸಿ.

2. ಸಿಲಿಂಡರಿನ ವಾಲ್ವನ್ನು ಬಹಳ ನಿಧಾನವಾಗಿ ತೆರೆಯಿರಿ. ದಿಢೀರನೆ ತೆರೆದರೆ ಪಿಗ್‌ಟೇಲಿನ ತುದಿಯೊಳಗಿನ ಸುರಕ್ಷಾ ಗುಂಡು ಸೋರಿಕೆಯೆಂದು ತಿಳಿದು ಗ್ಯಾಸನ್ನು ಬಹುಪಾಲು ಕಟ್ಟಿಬಿಡುತ್ತದೆ.

3. ಬಾಲ್ ವಾಲ್ವ್ ತೆರೆಯಿರಿ. ಸಿಲಿಂಡರಿನ ವಾಲ್ವಿನಿಂದ ಹೀಟರಿನವರೆಗೆ ಎಲ್ಲ ಕೂಡುಗೆರೆಗೂ ನೊರೆ ಹಚ್ಚಿ. ಗಾಳಿ ಪರೀಕ್ಷೆಯಲ್ಲಿ ಬಿಟ್ಟುಹೋದ ಪಿಗ್‌ಟೇಲ್, ರೆಗ್ಯುಲೇಟರ್, ಕನೆಕ್ಟರ್ ಈಗ ಪರೀಕ್ಷೆಗೆ ಒಳಗಾಗುತ್ತವೆ.

4. ಸಿಲಿಂಡರ್ ಮುಚ್ಚಿ. ಮಾನೊಮೀಟರಿನ ಬಳಿ ಸ್ವಲ್ಪ ಗ್ಯಾಸ್ ಬಿಟ್ಟು ಒತ್ತಡವನ್ನು 9 ಇಂಚಿಗೆ ಇಳಿಸಿ ಮೂರು ನಿಮಿಷ ನೋಡಿ. 11ರಲ್ಲೇ ಬಿಟ್ಟರೆ ಪಿಗ್‌ಟೇಲಿನಲ್ಲಿ ಉಳಿದ ಗ್ಯಾಸ್ ರೆಗ್ಯುಲೇಟರನ್ನು ತುಂಬಿಸುತ್ತ ಸಣ್ಣ ಸೋರಿಕೆಯನ್ನು ಮರೆಮಾಡುತ್ತದೆ. ನೀರು ಇಳಿದರೆ ಎಲ್ಲೋ ಸೋರುತ್ತಿದೆ. ಏರಿದರೆ ಸಿಲಿಂಡರಿನ ವಾಲ್ವೇ ಸರಿಯಾಗಿ ಮುಚ್ಚುತ್ತಿಲ್ಲ.

5. ಮತ್ತೆ ತೆರೆದು ಪೈಲಟ್ ಹೊತ್ತಿಸಿ. ಹೊಸ ಪೈಪಿನಲ್ಲಿ ಗಾಳಿ ತುಂಬಿರುವುದರಿಂದ ಗುಬುಟನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಬೇಕಾಗಬಹುದು. ಹೊತ್ತಿದ ಮೇಲೂ 30 ಸೆಕೆಂಡ್ ಒತ್ತಿ ಹಿಡಿದು ಬಿಡಿ.

6. ದೊಡ್ಡ ಉರಿ ಹಚ್ಚಿ. ಪೂರ್ತಿ ಉರಿಯುವಾಗ ಒಳಬರುವ ಒತ್ತಡ ಹೆಚ್ಚುಕಡಿಮೆ 11 ಇಂಚು ಇರಬೇಕು. ಉರಿ ಆರಿಸಿದಾಗ ಒಂದೆರಡು ಇಂಚು ಏರುವುದು ಸಹಜ. 14 ದಾಟಿದರೆ ರೆಗ್ಯುಲೇಟರ್ ಬದಲಿಸಿ.

ಹೀಟರಿನ ಗಾಜಿನ ಕಿಂಡಿಯಿಂದ ನೋಡಿದರೆ ಉರಿ ನೀಲಿಯಾಗಿ, ತುದಿ ಮಾತ್ರ ತುಸು ಹಳದಿಯಾಗಿ ಕಾಣಬೇಕು. ಮೊದಲ ಒಂದೆರಡು ಗಂಟೆ ಬಣ್ಣ ಕಾದ ವಾಸನೆ ಬರುತ್ತದೆ, ಬಾಗಿಲು ತೆರೆದಿಡಿ.

ಏನು ಕೆಡುತ್ತದೆ, ಏಕೆ

ಉರಿ ಗಿಡ್ಡ, ಎಷ್ಟು ತಿರುಗಿಸಿದರೂ ಏರುತ್ತಿಲ್ಲವೆಂದರೆ ಪಿಗ್‌ಟೇಲಿನ ಸುರಕ್ಷಾ ಗುಂಡು ಕಟ್ಟಿಕೊಂಡಿದೆ. ಎಲ್ಲ ವಾಲ್ವ್ ಮುಚ್ಚಿ, ಪಿಗ್‌ಟೇಲ್ ಬಿಚ್ಚಿ ಒಂದು ನಿಮಿಷ ಬಿಟ್ಟು ಮತ್ತೆ ಬಿಗಿದು ನಿಧಾನ ತೆರೆಯಿರಿ. ಇಪ್ಪತ್ತು ನಿಮಿಷ ಚೆನ್ನಾಗಿ ಉರಿದು ಆಮೇಲೆ ಸೊರಗಿದರೆ ಅದು ಬೇರೆ ಕಾಯಿಲೆ, ಸಿಲಿಂಡರ್ ತಣ್ಣಗಾಗಿ ಆವಿ ಸಾಲುತ್ತಿಲ್ಲ.

ಉರಿ ಹಳದಿಯಾಗಿ ಗಾಜಿಗೆ ಮಸಿ ಕಟ್ಟಿದರೆ ಗಾಳಿಯ ದಾರಿ ಮುಚ್ಚಿದೆ: ಹೊಗೆಬಾಯಿಗೆ ಹಿಮ, ಕಣಜದ ಗೂಡು, ಬರ್ನರಿನ ಕೊಳವೆಯಲ್ಲಿ ಜೇಡರ ಬಲೆ. ಕಾರಣ ಸಿಗುವ ತನಕ ಹೊತ್ತಿಸಬೇಡಿ. ಗಾಳಿಯ ದಿನ ಮಾತ್ರ ಪೈಲಟ್ ಆರಿದರೆ ಹೊಗೆಬಾಯಿಗೆ ಕೈಪಿಡಿಯಲ್ಲಿ ಹೇಳಿದ ಗಾಳಿತಡೆ ಬೇಕು. ಗುಬುಟು ಬಿಟ್ಟೊಡನೆ ಆರಿದರೆ ಥರ್ಮೋಕಪಲ್ (ಪೈಲಟ್ ಉರಿಯ ಶಾಖ ಅರಿತು ಗ್ಯಾಸ್ ತೆರೆದಿಡುವ ಕಡ್ಡಿ) ಸವೆದಿದೆ, ಇಲ್ಲವೇ ಅದರ ತುದಿ ಉರಿಯಲ್ಲಿ ಸರಿಯಾಗಿ ಕೂತಿಲ್ಲ.

ಮರದ ಪುಡಿ ಉರಿಯ ಪೆಟ್ಟಿಗೆಗೆ ಹೋಗದಿದ್ದರೂ ಹೀಟರಿನ ಬಿಸಿ ಮೈಮೇಲೆ ಕೂರುತ್ತದೆ. ವಾರಕ್ಕೊಮ್ಮೆ, ತಣ್ಣಗಿರುವಾಗ, ವ್ಯಾಕ್ಯೂಮಿನಿಂದ ಎಳೆಯಿರಿ. ಲ್ಯಾಕರ್ ಸ್ಪ್ರೇ ಮಾಡುವ ದಿನ, ಥಿನ್ನರಿನಿಂದ ಒರೆಸುವ ದಿನ ಪೈಲಟ್ ಸಹಿತ ಆರಿಸಿ, ಹೀಟರ್ ತಣ್ಣಗಾದ ಮೇಲೆ ಡಬ್ಬಿ ತೆರೆಯಿರಿ. ಪೆಟ್ಟಿಗೆ ಮುಚ್ಚಿದ್ದರೂ ಹೊರಮೈ ಸುಡುತ್ತಿರುತ್ತದೆ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ ಆರಿಸುವುದೂ ಬೇಡ. ಗರಾಜ್ ಬಾಗಿಲಿನ ಮೋಟಾರ್ ಒತ್ತಬೇಡಿ, ಅದರಲ್ಲೂ ಕಿಡಿಯಿದೆ. ಚಿಕ್ಕ ಬಾಗಿಲಿನಿಂದ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಹಾದಿಯಲ್ಲಿ ಸಿಕ್ಕರೆ ಸಿಲಿಂಡರಿನ ವಾಲ್ವ್ ಮುಚ್ಚಿ, ದೂರ ನಿಂತು 911ಕ್ಕೆ ಫೋನ್ ಮಾಡಿ. ಹೊಸದಾಗಿ ಕೊಂಡ ಸಿಲಿಂಡರಿನ ಉಕ್ಕು ಗ್ಯಾಸಿಗೆ ಬೆರೆಸಿದ ವಾಸನೆಯನ್ನು ಹೀರಿಕೊಳ್ಳುವುದುಂಟು. ನೆಲದ ಬಳಿಯ ಅಲಾರಂ ಕೊಳ್ಳಲು ಹೇಳಿದ್ದು ಇದಕ್ಕೇ.

ಸಿಲಿಂಡರ್ ಎಷ್ಟು ಉಳಿದಿದೆ ಎಂದು ತೂಕದಿಂದ ತಿಳಿಯಿರಿ. ಕತ್ತಿನ ಪಟ್ಟಿಯ ಮೇಲೆ ಟಿಡಬ್ಲ್ಯು ಎಂದು ಕೊರೆದಿರುವುದು ಖಾಲಿ ತೂಕ, 20 ಪೌಂಡಿನದಕ್ಕೆ ಸಾಮಾನ್ಯವಾಗಿ 17 ಪೌಂಡಿನ ಆಸುಪಾಸು. ತುಂಬಿದ್ದು 37 ತೂಗುತ್ತದೆ. ಪಕ್ಕದಲ್ಲಿರುವ ತಯಾರಿಕೆಯ ತಿಂಗಳು, ವರ್ಷವನ್ನೂ ನೋಡಿಕೊಳ್ಳಿ. ಕೆನಡಾದಲ್ಲಿ 10 ವರ್ಷ ಕಳೆದರೆ ಮರುಪರೀಕ್ಷೆಯ ಮುದ್ರೆ ಇಲ್ಲದೆ ತುಂಬಿಸಿಕೊಡುವುದಿಲ್ಲ.

ಏಪ್ರಿಲ್ ಕೊನೆಗೆ ಚಳಿ ಮುಗಿದ ಮೇಲೆ ಪೈಲಟನ್ನು ಉರಿಯಲು ಬಿಡಬೇಡಿ. ಗಂಟೆಗೆ 800 ಬಿಟಿಯು ತಿನ್ನುವ ಪೈಲಟ್ ತಿಂಗಳಿಗೆ 20 ಪೌಂಡಿನ ಒಂದು ಸಿಲಿಂಡರಿಗಿಂತ ಹೆಚ್ಚನ್ನೇ ಸುಟ್ಟಿರುತ್ತದೆ. ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನ ಗ್ಯಾಸ್ ಉರಿದು ಮುಗಿಯುವ ತನಕ ಬಿಟ್ಟು, ಬಾಲ್ ವಾಲ್ವ್ ಮುಚ್ಚಿ. ಪಿಗ್‌ಟೇಲ್ ಬಿಚ್ಚಿದರೆ ಅದರ ಬಾಯಿಗೂ ಸಿಲಿಂಡರಿನ ಬಾಯಿಗೂ ಮುಚ್ಚಳ ಹಾಕಿ, ಹುಳ ಗೂಡು ಕಟ್ಟುವುದು ಅಲ್ಲೇ. ಸಿಲಿಂಡರ್ ಬೇಸಿಗೆಯಲ್ಲೂ ಹೊರಗೇ, ನೆರಳಿನಲ್ಲಿ, ನೆಟ್ಟಗೆ ಇರಲಿ. ಅಕ್ಟೋಬರಿನಲ್ಲಿ ಮತ್ತೆ ಜೋಡಿಸುವಾಗ ಹೊಗೆಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಕೂಡುಗೆರೆಗಳಿಗೆ ನೊರೆ ಹಚ್ಚಿ, ಅಲಾರಂಗಳ ಬ್ಯಾಟರಿ ಬದಲಿಸಿ, ಆಮೇಲೆ ಪೈಲಟ್ ಹೊತ್ತಿಸಿ.